ಊರು ಸೇರಿದ ಕೋತಿಗಳು

ಬೇಸಗೆಯಲ್ಲಿ ತಾರಸಿಯ ಮೇಲೆ ಸಂಡಿಗೆ ಹರವಿದ ಮನೆಗೆ ಕೋತಿಗಳು ಬರುವುದಕ್ಕೂ ಒಂದು ಕ್ರಮವಿದೆ. ಮೊದಲು ನೀರಿನ ಟ್ಯಾಂಕಿನ ಮೇಲೆ ಒಂದು ದೊಡ್ಡ ಗಂಡು ಬಂದು ಕೂರುತ್ತದೆ. ಕಾವಲಿಗೆ ಕೂತವರು ಮಗುವೋ, ಮುದುಕಿಯೋ, ಗಟ್ಟಿ ಆಳೋ, ಕೈಯಲ್ಲಿ ಕೋಲಿದೆಯೋ ಇಲ್ಲವೋ ಎಂದು ಅಳೆಯುತ್ತದೆ. ಅದರ ಹಿಂದೆಯೇ ಕೇಬಲ್ ತಂತಿ ಹಿಡಿದು ಹೆಣ್ಣುಗಳು ಬರುತ್ತವೆ, ಹೊಟ್ಟೆಗೆ ಅವಚಿಕೊಂಡ ಮರಿಗಳ ಸಮೇತ. ಅರ್ಧ ಒಣಗಿದ ಸಂಡಿಗೆಯನ್ನು ಎರಡೂ ಕೈಯಲ್ಲಿ ಬಾಚಿ, ಅಗಿಯದೆ ಕೆನ್ನೆಯ ಚೀಲಕ್ಕೆ ತುಂಬಿಕೊಳ್ಳುತ್ತವೆ. ಕೆಳಗಿನಿಂದ ಯಾರಾದರೂ ಓಡಿ ಬರುವಷ್ಟರಲ್ಲಿ ಎರಡು ಮನೆ ದಾಟಿ ತೆಂಗಿನ ಮರ ಸೇರಿರುತ್ತವೆ. ಅಲ್ಲಿ ಕೂತು, ಉಬ್ಬಿದ ಕೆನ್ನೆಯನ್ನು ಹಿಂಗೈಯಿಂದ ಒತ್ತಿ ಒತ್ತಿ, ತುಂಬಿಟ್ಟದ್ದನ್ನು ಒಂದೊಂದೇ ತುತ್ತಾಗಿ ಬಾಯಿಗೆ ತಂದುಕೊಂಡು ತಿನ್ನುತ್ತವೆ.

ಕಾಡು ಪ್ರಾಣಿಯೊಂದು ಯಾರ ಸಾಕಣೆಗೂ ಸಿಗದೆ, ಆದರೆ ಮನುಷ್ಯರ ಅನ್ನದ ಮೇಲೆಯೇ ಊರಿನೊಳಗೆ ಬದುಕುವ ಈ ಸ್ಥಿತಿ ಏಷ್ಯಾ ಮತ್ತು ಆಫ್ರಿಕಾದ ನೂರಾರು ಊರುಗಳಲ್ಲಿದೆ. ಕೋತಿಗಳ ಕಾಟವನ್ನು ತಡೆಯಲು ಆ ಊರುಗಳು ಬೋನು, ನಾಯಿ, ಬಣ್ಣದ ಗುಂಡು, ಶಸ್ತ್ರಚಿಕಿತ್ಸೆ, ದಂಡ, ಬೇಲಿ, ಕೋರ್ಟಿನ ಆದೇಶ ಎಲ್ಲವನ್ನೂ ಬಳಸಿ ನೋಡಿವೆ. ಕೆಲವು ಊರುಗಳು ವರ್ಷಕ್ಕೊಮ್ಮೆ ಅವುಗಳಿಗೆ ಔತಣವನ್ನೂ ಬಡಿಸಿವೆ.

ಊರಿನ ಬದುಕಿಗೆ ಹೊಂದಿಕೊಂಡವುಗಳಲ್ಲಿ ಹೆಚ್ಚಿನವು ಮಕಾಕ್ ಕುಲದವು. ಉತ್ತರ ಭಾರತದ ಊರುಗಳಲ್ಲಿರುವುದು ಕೆಂಪು ಮುಖದ, ಕೆಂಪು ಪೃಷ್ಠದ ರೀಸಸ್ ಕೋತಿ. ದಕ್ಷಿಣ ಭಾರತದ್ದು ನೆತ್ತಿಯ ಮೇಲೆ ಕೂದಲು ಟೋಪಿಯಂತೆ ಹರಡಿಕೊಂಡಿರುವ ಬಾನೆಟ್ ಮಕಾಕ್. ಕನ್ನಡಿಗರು ಕೋತಿ, ಮಂಗ ಎಂದು ಕರೆಯುವುದು ಬಹುಮಟ್ಟಿಗೆ ಇದನ್ನೇ, ಮತ್ತು ಭಾರತ ಪರ್ಯಾಯದ್ವೀಪವನ್ನು ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇದರ ಸ್ವಾಭಾವಿಕ ನೆಲೆಯಿಲ್ಲ. ಥಾಯ್ಲೆಂಡ್, ಇಂಡೋನೇಷ್ಯಾ, ಸಿಂಗಪುರದಲ್ಲಿ ಉದ್ದ ಬಾಲದ ಮಕಾಕ್, ಶ್ರೀಲಂಕಾದಲ್ಲಿ ಟೋಕ್ ಮಕಾಕ್, ಜಪಾನಿನಲ್ಲಿ ಹಿಮಕ್ಕೂ ಹೆದರದ ಜಪಾನಿ ಮಕಾಕ್, ಜಿಬ್ರಾಲ್ಟರ್ ಬಂಡೆಯ ಮೇಲೆ ಬಾಲವಿಲ್ಲದ ಬಾರ್ಬರಿ ಮಕಾಕ್ ಇವೆ. ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ಈ ಜಾಗ ಚಕ್ಮಾ ಬಬೂನಿನದು. ಗಂಡು ಬಬೂನು ದೊಡ್ಡ ನಾಯಿಯಷ್ಟು ತೂಗುತ್ತದೆ, ಅದರ ಕೋರೆಹಲ್ಲು ಕಂಡವರು ಜಗಳಕ್ಕೆ ನಿಲ್ಲುವುದಿಲ್ಲ. ಮಲೆನಾಡಿನವರು ಮುಸಿಯ ಎನ್ನುವ ಲಂಗೂರ್ ಎಲೆ ತಿನ್ನುವ ಪ್ರಾಣಿ, ಆದ್ದರಿಂದ ಅಡುಗೆಮನೆಗಿಂತ ತೋಟಕ್ಕೆ ಅದರ ಕಾಟ ಹೆಚ್ಚು.

ಮಕಾಕ್‌ಗಳಿಗೆ ಊರು ಒಗ್ಗಿದ್ದು ಅವುಗಳ ಹೊಟ್ಟೆ ಮತ್ತು ಸಂಸಾರದ ಕಾರಣದಿಂದ. ಹಣ್ಣು, ಚಿಗುರು, ಹುಳು, ಅನ್ನ, ಬಿಸ್ಕತ್ತು ಯಾವುದಾದರೂ ಸರಿ. ಹೆಣ್ಣುಗಳು ಹುಟ್ಟಿದ ಗುಂಪಿನಲ್ಲಿಯೇ ಬಾಳುತ್ತವೆ, ಬೆಳೆದ ಗಂಡುಗಳು ಗುಂಪು ಬಿಟ್ಟು ಬೇರೆಡೆ ಸೇರುತ್ತವೆ. ಹೀಗಾಗಿ ಯಾವ ಕಿಟಕಿ ಸಂಜೆ ತೆರೆದಿರುತ್ತದೆ, ಯಾವ ಅಂಗಡಿಯ ಬಾಳೆಗೊನೆ ಹೊರಗೆ ತೂಗುತ್ತದೆ ಎಂಬ ತಿಳಿವಳಿಕೆ ತಾಯಿಯಿಂದ ಮಗಳಿಗೆ ದಾಟುತ್ತ ಹೋಗುತ್ತದೆ. ಕಾಡಿನಲ್ಲಿ ದಿನವಿಡೀ ಅಲೆದರೆ ಸಿಗುವಷ್ಟು ಆಹಾರ ಊರಿನ ಒಂದು ಕಸದ ತೊಟ್ಟಿಯಲ್ಲಿ ಅರ್ಧ ಗಂಟೆಯಲ್ಲಿ ಸಿಗುತ್ತದೆ. ಹೊಟ್ಟೆ ತುಂಬಿದ ಹೆಣ್ಣು ಬೇಗ ಬೇಗ ಮರಿ ಹಾಕುತ್ತದೆ, ಹುಟ್ಟಿದ ಮರಿಗಳಲ್ಲಿ ಹೆಚ್ಚಿನವು ಬದುಕುತ್ತವೆ.

ಮನುಷ್ಯರ ಜೊತೆ ಅವು ನಡೆಸುವ ವ್ಯವಹಾರ ಬರೀ ಕಿತ್ತುಕೊಳ್ಳುವುದಲ್ಲ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಅನಿಂದ್ಯ ಸಿನ್ಹಾ ಮತ್ತು ಸಂಗಡಿಗರು ಬಂಡೀಪುರದ ಕೋತಿಗಳನ್ನು ಗಮನಿಸಿ 2018ರಲ್ಲಿ ಒಂದು ಸಂಗತಿಯನ್ನು ದಾಖಲಿಸಿದರು. ತಿಂಡಿ ಹಿಡಿದ ಪ್ರವಾಸಿಯನ್ನು ಕಂಡ ಕೋತಿ ಮೆತ್ತಗೆ ಕೂಗು ಹಾಕುತ್ತದೆ, ಅಂಗೈ ಚಾಚುತ್ತದೆ. ಎದುರಿನವರು ತನ್ನತ್ತ ನೋಡುತ್ತಿದ್ದಾರೆಯೇ ಎಂದು ಕಾಯುತ್ತದೆ. ತಿಂಡಿ ಸಿಕ್ಕ ಮೇಲೆ ಕೂಗು ನಿಲ್ಲುತ್ತದೆ. ಕಾಡಿನ ಕೋತಿಗಳು ತಮ್ಮತಮ್ಮಲ್ಲಿ ಹೀಗೆ ಕೈಚಾಚಿ ಬೇಡುವುದಿಲ್ಲ. ಮನುಷ್ಯರನ್ನು ಉದ್ದೇಶಿಸಿಯೇ ಕಲಿತ ಮಾತು ಇದು.

ಬಾಲಿ ದ್ವೀಪದ ಉಲುವಾಟು ದೇವಸ್ಥಾನದ ಕೋತಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿವೆ. ಅವು ಕನ್ನಡಕ, ಟೋಪಿ, ಚಪ್ಪಲಿ, ಫೋನ್ ಕಸಿದುಕೊಂಡು ಕೂರುತ್ತವೆ, ದೇವಸ್ಥಾನದ ಸಿಬ್ಬಂದಿ ಹಣ್ಣು ಕೊಟ್ಟರೆ ಮಾತ್ರ ಹಿಂದಿರುಗಿಸುತ್ತವೆ. ಕೆನಡಾದ ಲೆತ್‌ಬ್ರಿಜ್ ವಿಶ್ವವಿದ್ಯಾಲಯದ ಜಾನ್ ಬ್ಯಾಪ್ಟಿಸ್ಟ್ ಲೆಕಾ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಜನ ಯಾವ ವಸ್ತುವಿಗೆ ಹೆಚ್ಚು ಬೆಲೆ ಕೊಡುತ್ತಾರೆ ಎಂಬುದನ್ನು ದೊಡ್ಡ ಕೋತಿಗಳು ಬಲ್ಲವು. ಫೋನ್ ಸಿಕ್ಕಾಗ ಒಂದು ಬಾಳೆಹಣ್ಣಿಗೆ ಬಗ್ಗದೆ ಹೆಚ್ಚಿನದಕ್ಕೆ ಕಾಯುತ್ತವೆ. ಮರಿಗಳಿಗೆ ಈ ಜಾಣ್ಮೆ ಇನ್ನೂ ಬಂದಿರುವುದಿಲ್ಲ, ನೋಡಿ ನೋಡಿ ಕಲಿಯಬೇಕು. ವೃಂದಾವನದಲ್ಲಿಯೂ ಶಿಮ್ಲಾದ ಜಾಖೂ ಬೆಟ್ಟದಲ್ಲಿಯೂ ಕನ್ನಡಕ ಕಳೆದುಕೊಂಡವರು ಇದೇ ರೀತಿ ತಿಂಡಿ ಕೊಟ್ಟು ಬಿಡಿಸಿಕೊಳ್ಳುತ್ತಾರೆ. ಕೊಟ್ಟ ಪ್ರತಿಯೊಂದು ಹಣ್ಣೂ ಮುಂದಿನ ಕಳ್ಳತನಕ್ಕೆ ಮುಂಗಡ ಹಣವಾಗುತ್ತದೆ.

ಕಾಟ ಎಲ್ಲೆಡೆ ಇಷ್ಟು ಹಗುರವಾಗಿಲ್ಲ. ದೆಹಲಿಯ ಉಪಮೇಯರ್ ಎಸ್. ಎಸ್. ಬಾಜ್ವಾ 2007ರ ಅಕ್ಟೋಬರಿನಲ್ಲಿ ತಮ್ಮ ಮನೆಯ ಮಹಡಿಯಲ್ಲಿ ಕೋತಿಗಳನ್ನು ಓಡಿಸಲು ಹೋಗಿ ಕೆಳಗೆ ಬಿದ್ದು ತೀರಿಕೊಂಡರು. ಜಪಾನಿನ ಯಮಗುಚಿ ನಗರದಲ್ಲಿ 2022ರ ಜುಲೈನಲ್ಲಿ ಕೋತಿಗಳು ಸೊಳ್ಳೆಪರದೆ ಸರಿಸಿ ಮನೆಯೊಳಗೆ ನುಗ್ಗಿ ಮಕ್ಕಳನ್ನೂ ವೃದ್ಧರನ್ನೂ ಕಚ್ಚಿದವು. ಗಾಯಗೊಂಡವರು 50 ದಾಟಿದರು. ಅರಿವಳಿಕೆ ಬಂದೂಕಿನವರನ್ನು ಕರೆಸಿ ಹುಡುಕಿಸಬೇಕಾಯಿತು. ಶ್ರೀಲಂಕಾದಲ್ಲಿ 2025ರ ಫೆಬ್ರುವರಿ 9ರಂದು ಇಡೀ ದೇಶದ ವಿದ್ಯುತ್ ಹೋದಾಗ, ಪಾನದುರದ ಉಪಕೇಂದ್ರದ ಟ್ರಾನ್ಸ್‌ಫಾರ್ಮರಿಗೆ ತಗುಲಿದ ಕೋತಿಯೇ ಕಾರಣ ಎಂದು ಸಚಿವರು ಹೇಳಿದರು.

ಕಚ್ಚಿದರೆ ಗಾಯವಷ್ಟೇ ಅಲ್ಲ, ರೇಬಿಸ್ ಭಯವೂ ಇದೆ. ಗಾಯವನ್ನು ಹರಿಯುವ ನೀರು ಮತ್ತು ಸೋಪಿನಲ್ಲಿ ಹದಿನೈದು ನಿಮಿಷ ತೊಳೆದು ತಡಮಾಡದೆ ಲಸಿಕೆ ಹಾಕಿಸಿಕೊಳ್ಳಬೇಕು. ಮಕಾಕ್‌ಗಳ ಮೈಯಲ್ಲಿ ಅಡಗಿರುವ ಬಿ ವೈರಸ್ ಮನುಷ್ಯರಿಗೆ ತಗಲುವುದು ತೀರಾ ಅಪರೂಪ, ತಗುಲಿದರೆ ಮೆದುಳಿಗೆ ಏರಬಹುದು. ಹಾಂಗ್‌ಕಾಂಗಿನಲ್ಲಿ ಇಂಥ ಮೊದಲ ಪ್ರಕರಣ 2024ರಲ್ಲಿ ಪತ್ತೆಯಾಯಿತು.

ಅನೇಕ ಕಡಿತಗಳಿಗೆ ಕಾರಣ ಮುಖವನ್ನು ತಪ್ಪಾಗಿ ಓದುವುದು. ಹಲ್ಲು ಕಿರಿದ ಕೋತಿ ನಗುತ್ತಿಲ್ಲ, ಹೆದರಿದೆ. ಹುಬ್ಬೇರಿಸಿ ಬಾಯಿ ಅಗಲಿಸಿ ದಿಟ್ಟಿಸುವುದು ಬೆದರಿಕೆ. ಕೋತಿಯ ಕಣ್ಣಿಗೆ ಕಣ್ಣಿಟ್ಟು ಹಲ್ಲು ತೋರಿಸಿ ನಗುತ್ತ ಸೆಲ್ಫಿ ತೆಗೆಯುವವರು ತಮಗೆ ಗೊತ್ತಿಲ್ಲದೆಯೇ ಅದನ್ನು ಕೆಣಕುತ್ತಿರುತ್ತಾರೆ.

ದೆಹಲಿ ಈ ಕಾಟಕ್ಕೆ ಹುಡುಕಿದ ಮದ್ದುಗಳ ಪಟ್ಟಿ ದೊಡ್ಡದು. ಸರಕಾರಿ ಭವನಗಳ ಕಾರಿಡಾರುಗಳಲ್ಲಿ ಕಡತ ಎಳೆದಾಡುತ್ತಿದ್ದ ರೀಸಸ್ ಕೋತಿಗಳನ್ನು ಹೆದರಿಸಲು ಲಂಗೂರ್‌ಗಳನ್ನು ಹಗ್ಗ ಕಟ್ಟಿ ತಿರುಗಿಸುವ ಪದ್ಧತಿ ವರ್ಷಗಳ ಕಾಲ ನಡೆಯಿತು. 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೂ ಅವು ಕಾವಲಿದ್ದವು. ಲಂಗೂರ್ ಕೂಡ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವ ಪ್ರಾಣಿ, ಅದನ್ನು ಹೀಗೆ ದುಡಿಸಿಕೊಳ್ಳುವಂತಿಲ್ಲ ಎಂಬ ಆದೇಶ ಬಂದಾಗ ಪ್ರಾಣಿಯ ಜಾಗಕ್ಕೆ ಮನುಷ್ಯರು ಬಂದರು. ಲಂಗೂರಿನ ಕೂಗನ್ನು ಗಂಟಲಲ್ಲಿ ಹೊರಡಿಸಬಲ್ಲ 40 ಮಂದಿ ಯುವಕರನ್ನು ನೇಮಿಸಲಾಗಿದೆ ಎಂದು ಕೇಂದ್ರ ಸಚಿವ ವೆಂಕಯ್ಯ ನಾಯ್ಡು 2014ರಲ್ಲಿ ಸಂಸತ್ತಿಗೆ ತಿಳಿಸಿದರು. 2023ರ ಜಿ20 ಸಮಾವೇಶಕ್ಕೆ ಇದೇ ಕೂಗಿನವರ ಜೊತೆಗೆ ಲಂಗೂರಿನ ಆಳೆತ್ತರದ ಚಿತ್ರಫಲಕಗಳೂ ರಸ್ತೆ ಬದಿಯಲ್ಲಿ ನಿಂತವು. ಕೂಗು ಕೇಳಿದ ಗುಂಪು ಪಕ್ಕದ ಬೀದಿಗೆ ಹೋಗುತ್ತದೆ, ಕೂಗು ನಿಂತ ಮೇಲೆ ಮರಳುತ್ತದೆ.

ಹಿಡಿದು ಸಾಗಿಸುವ ಪ್ರಯತ್ನವೂ ದೆಹಲಿಯಲ್ಲಿ ದೊಡ್ಡ ಪ್ರಮಾಣದಲ್ಲಿಯೇ ನಡೆಯಿತು. ಹೈಕೋರ್ಟಿನ 2007ರ ಆದೇಶದಂತೆ ನಗರದ ಕೋತಿಗಳನ್ನು ದಕ್ಷಿಣದ ಅಂಚಿನಲ್ಲಿರುವ ಅಸೋಲಾ ಭಟ್ಟಿ ಅಭಯಾರಣ್ಯಕ್ಕೆ ಬಿಡತೊಡಗಿದರು. ಹಳೆಯ ಗಣಿಗುಂಡಿಗಳ, ಕುರುಚಲು ಗಿಡಗಳ ಆ ನೆಲದಲ್ಲಿ ಸಾವಿರಾರು ಕೋತಿಗಳಿಗೆ ಸಾಲುವಷ್ಟು ಹಣ್ಣಿನ ಮರಗಳಿರಲಿಲ್ಲ. ಹಣ್ಣು ತರಕಾರಿಯನ್ನು ಹೊರಗಿನಿಂದಲೇ ತಂದು ಸುರಿಯಬೇಕಾಯಿತು. ಸುತ್ತ ಕಟ್ಟಿದ ತಡೆಯನ್ನು ಹತ್ತಿ ಹೊರಬಂದ ಕೋತಿಗಳು ಅಕ್ಕಪಕ್ಕದ ಬಡಾವಣೆಗಳನ್ನು ಸೇರಿದವು. ಇದಕ್ಕೆ ಹೋಲಿಸಿದರೆ 1997ರಲ್ಲಿ ವೃಂದಾವನದಲ್ಲಿ ನಡೆದ ಕೆಲಸ ಎಷ್ಟೋ ಅಚ್ಚುಕಟ್ಟು. ಅಲ್ಲಿ 600 ಕೋತಿಗಳನ್ನು ಗುಂಪು ಒಡೆಯದಂತೆ ಹಿಡಿದು, ಮೊದಲೇ ನೋಡಿಟ್ಟ ಎಂಟು ಅರಣ್ಯ ತಾಣಗಳಲ್ಲಿ ಬಿಟ್ಟು, ಆಮೇಲೆಯೂ ಹೋಗಿ ನೋಡಿದರು. ಅವು ಅಲ್ಲಿ ನೆಲೆಗೊಂಡವು. ಆದರೆ ಅಷ್ಟು ತಾಳ್ಮೆಯಿಂದ ಕೆಲಸ ಮಾಡುವ ಗುತ್ತಿಗೆ ಯಾವ ನಗರದಲ್ಲಿಯೂ ಸಾಮಾನ್ಯವಲ್ಲ. ಬೋನಿಗೆ ಬಿದ್ದಷ್ಟನ್ನು ಹಿಡಿದು, ತಾಯಿ ಒಂದೆಡೆ ಮರಿ ಒಂದೆಡೆಯಾಗಿ, ರಾತ್ರಿ ಹೊತ್ತು ಯಾವುದೋ ಕಾಡಂಚಿನಲ್ಲಿ ಇಳಿಸಿ ಬರುವುದೇ ರೂಢಿ. ಖಾಲಿಯಾದ ಬೀದಿಗೆ ಪಕ್ಕದ ಗುಂಪು ಬರುತ್ತದೆ, ಇಳಿಸಿ ಬಂದ ಕೋತಿಗಳು ಅಲ್ಲಿನ ಹತ್ತಿರದ ಹಳ್ಳಿಗೆ ನುಗ್ಗುತ್ತವೆ.

ಆ ಹತ್ತಿರದ ಹಳ್ಳಿ ಕರ್ನಾಟಕದಲ್ಲಿ ಬಹಳ ಸಲ ಮಲೆನಾಡಿನದಾಗಿರುತ್ತದೆ. ಪೇಟೆಯಲ್ಲಿ ಹಿಡಿದ ಮಂಗಗಳನ್ನು ತಮ್ಮ ಘಟ್ಟದ ರಸ್ತೆಯಲ್ಲಿ ಬಿಟ್ಟು ಹೋಗುತ್ತಾರೆ ಎಂಬುದು ಅಡಿಕೆ, ಬಾಳೆ, ಏಲಕ್ಕಿ ಬೆಳೆಗಾರರ ಹಳೆಯ ದೂರು. ಮಂಗಗಳು ಎಳೆ ಅಡಿಕೆಯನ್ನು ಕಿತ್ತು ಚೀಪಿ ಎಸೆಯುತ್ತವೆ, ಎಳನೀರನ್ನು ಕಚ್ಚಿ ಉದುರಿಸುತ್ತವೆ. ನಗರದವರ ತೊಂದರೆ ಹೀಗೆ ಲಾರಿ ಹತ್ತಿ ರೈತನ ತೋಟಕ್ಕೆ ಬಂದಿಳಿಯುವುದು ನ್ಯಾಯವಲ್ಲ. ತೀರ್ಥಹಳ್ಳಿ ತಾಲೂಕಿನ ನಾಲೂರಿನ ಬೆಳೆಗಾರರೊಬ್ಬರು 2019ರಲ್ಲಿ ತಮ್ಮ ಸಾಕುನಾಯಿಗೆ ಕೂದಲಿಗೆ ಹಚ್ಚುವ ಬಣ್ಣದಿಂದ ಹುಲಿಪಟ್ಟೆ ಬರೆದು ತೋಟದಲ್ಲಿ ಓಡಾಡಿಸಿದ ಸುದ್ದಿ ದೇಶವಿಡೀ ಓಡಾಡಿತು. ಮೊದಲು ಅವರು ಹುಲಿಯ ಗೊಂಬೆ ಇಟ್ಟು ನೋಡಿದ್ದರು, ಬಿಸಿಲಿಗೆ ಅದರ ಬಣ್ಣ ಮಾಸುತ್ತದೆ ಎಂದು ನಾಯಿಯ ಉಪಾಯ ಹೂಡಿದರು. ಆ ಚಿತ್ರ ನೋಡಿ ನಕ್ಕವರಿಗಿಂತ, ಫಸಲು ಕಳೆದುಕೊಂಡವನ ಅಸಹಾಯಕತೆಯನ್ನು ಅದರಲ್ಲಿ ಕಂಡವರು ಹೆಚ್ಚು ಸರಿಯಾಗಿ ನೋಡಿದರು.

ಮಲೆನಾಡಿಗೆ ಇನ್ನೊಂದು ಭಯವೂ ಇದೆ. ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಉಣ್ಣೆಗಳಿಂದ ಹರಡುತ್ತದೆ. ಮುಸಿಯ ಮತ್ತು ಮಂಗಗಳು ಅದಕ್ಕೆ ಮನುಷ್ಯರಿಗಿಂತ ಮೊದಲೇ ಬಲಿಯಾಗುತ್ತವೆ. ಸತ್ತ ಮಂಗದ ಮೈಬಿಟ್ಟ ಉಣ್ಣೆಗಳು ದರಗು ತರಲು, ಸೌದೆ ತರಲು ಹೋದವರಿಗೆ ಹತ್ತುತ್ತವೆ. ಹೊಸನಗರ ತಾಲೂಕಿನಲ್ಲಿ ಮಂಗಗಳ ಪುನರ್ವಸತಿ ಕೇಂದ್ರ ಮಾಡುವ ಪ್ರಸ್ತಾವ 2020ರ ಹೊತ್ತಿಗೆ ಬಂದಾಗ, ನೂರಾರು ಮಂಗಗಳನ್ನು ಇಂಥ ನೆಲದಲ್ಲಿ ಒಂದೆಡೆ ಕೂಡಿಹಾಕುವುದು ಸರಿಯೇ ಎಂಬ ಪ್ರಶ್ನೆ ಎದ್ದದ್ದು ಇದೇ ಕಾರಣಕ್ಕೆ.

ಹಾಸನ ಜಿಲ್ಲೆಯಲ್ಲಿ ಈ ಸಾಗಾಟದ ಅತ್ಯಂತ ಕ್ರೂರ ರೂಪ ಕಂಡಿತು. 2021ರ ಜುಲೈ ಕೊನೆಯ ವಾರ ಬೇಲೂರು ತಾಲೂಕಿನ ಚೌಡನಹಳ್ಳಿಯ ಬಳಿ ರಸ್ತೆ ಬದಿಯಲ್ಲಿ ಕಟ್ಟಿದ್ದ ಗೋಣಿಚೀಲಗಳನ್ನು ಊರಿನ ಹುಡುಗರು ಬಿಚ್ಚಿ ನೋಡಿದರು. ಒಳಗೆ 38 ಮಂಗಗಳು ಸತ್ತಿದ್ದವು. ಜೀವ ಹಿಡಿದಿದ್ದವು ಕದಲಲಾರದೆ ಏದುಸಿರು ಬಿಡುತ್ತಿದ್ದವು. ಹುಡುಗರು ಅವಕ್ಕೆ ನೀರು ಕುಡಿಸಿದರು. ಚೇತರಿಸಿಕೊಂಡವು ಎದ್ದು ಕಾಡಿನತ್ತ ಹೋದವು. ಕರ್ನಾಟಕ ಹೈಕೋರ್ಟ್ ಈ ಪ್ರಕರಣವನ್ನು ತಾನಾಗಿಯೇ ಕೈಗೆತ್ತಿಕೊಂಡಿತು.

ಕೊಲ್ಲಲು ಕಾನೂನು ಅವಕಾಶ ಕೊಟ್ಟಲ್ಲಿಯೂ ಅದು ಪರಿಹಾರವಾಗಲಿಲ್ಲ. ಕೇಂದ್ರ ಸರಕಾರ 2016ರಲ್ಲಿ ಶಿಮ್ಲಾ ನಗರದ ರೀಸಸ್ ಕೋತಿಗಳನ್ನು ಉಪದ್ರವಕಾರಿ ಎಂದು ಘೋಷಿಸಿತು, ಮುಂದೆ ಹಿಮಾಚಲದ ಇನ್ನಷ್ಟು ತಾಲೂಕುಗಳಿಗೆ ಇದು ವಿಸ್ತರಿಸಿತು. ಆದರೆ ಹನುಮನೆಂದು ಕೈಮುಗಿದ ಪ್ರಾಣಿಯ ಮೇಲೆ ಬಂದೂಕು ಎತ್ತಲು ಮುಂದೆ ಬಂದ ರೈತರು ತೀರಾ ಕಡಿಮೆ. 2022ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಕಾಯ್ದೆಯ ಪಟ್ಟಿಗಳಿಂದ ರೀಸಸ್ ಕೋತಿಯನ್ನೇ ಕೈಬಿಡಲಾಯಿತು. ದಕ್ಷಿಣದ ಬಾನೆಟ್ ಮಕಾಕ್‌ಗೆ ಕಾಯ್ದೆಯ ರಕ್ಷಣೆ ಮುಂದುವರಿದಿದೆ.

ಹಿಮಾಚಲ 2007ರ ಸುಮಾರಿನಿಂದ ಹಿಡಿದ ಇನ್ನೊಂದು ದಾರಿ ಸಂತಾನಹರಣ. ಕೋತಿಗಳನ್ನು ಹಿಡಿದು, ಗಂಡಿಗೂ ಹೆಣ್ಣಿಗೂ ಶಸ್ತ್ರಚಿಕಿತ್ಸೆ ಮಾಡಿ, ಹಿಡಿದ ಜಾಗಕ್ಕೇ ಮರಳಿ ಬಿಡುತ್ತಾರೆ. ಈ ರೀತಿ ಒಂದು ಲಕ್ಷಕ್ಕೂ ಹೆಚ್ಚು ಕೋತಿಗಳಿಗೆ ಚಿಕಿತ್ಸೆಯಾಗಿದೆ. ಇದರ ಫಲ ನಿಧಾನ. ಚಿಕಿತ್ಸೆಯಾದ ಕೋತಿಯೂ ಇಪ್ಪತ್ತು ವರ್ಷದ ಆಸುಪಾಸು ಬಾಳುತ್ತದೆ, ಬಾಳುವಷ್ಟು ದಿನ ತಿನ್ನುತ್ತದೆ. ಜನ ಕೇಳುವುದು ನಾಳೆ ಬೆಳಗ್ಗೆ ಕಿಟಕಿ ತೆರೆಯಬಹುದೇ ಎಂದು, ಈ ಚಿಕಿತ್ಸೆ ಉತ್ತರ ಕೊಡುವುದು ಹತ್ತು ವರ್ಷದ ಮೇಲೆ.

ಹಾಂಗ್‌ಕಾಂಗ್ ಸಂತಾನ ನಿಯಂತ್ರಣವನ್ನು ಇನ್ನೊಂದು ಕ್ರಮದ ಜೊತೆ ಸೇರಿಸಿತು, ಮತ್ತು ಆ ಇನ್ನೊಂದೇ ಹೆಚ್ಚು ಮುಖ್ಯ. ಕೌಲೂನ್ ಬೆಟ್ಟಗಳ ಕಾಮ್ ಶಾನ್ ಉದ್ಯಾನದ ಸುತ್ತ ಕೋತಿಗಳಿಗೆ ತಿಂಡಿ ಹಾಕುವುದನ್ನು ಅಲ್ಲಿ 1999ರಲ್ಲಿಯೇ ನಿಷೇಧಿಸಿದರು. ಕೋತಿ ತೆರೆಯಲಾಗದ ಕಸದ ತೊಟ್ಟಿಗಳು ಬಂದವು. 2007ರಿಂದ ಸಂತಾನ ನಿಯಂತ್ರಣ ಕ್ರಮಬದ್ಧವಾಗಿ ನಡೆದು ಹುಟ್ಟುವ ಮರಿಗಳ ಸಂಖ್ಯೆ ಇಳಿಯಿತು. ತಿಂಡಿ ಹಾಕುವವರು ಆದರೂ ನಿಲ್ಲದಿದ್ದಾಗ 2024ರಲ್ಲಿ ಗರಿಷ್ಠ ದಂಡವನ್ನು 10,000 ಹಾಂಗ್‌ಕಾಂಗ್ ಡಾಲರಿನಿಂದ ಒಂದು ಲಕ್ಷಕ್ಕೆ ಏರಿಸಿದರು. ಸಿಂಗಪುರದಲ್ಲಿಯೂ ಜಿಬ್ರಾಲ್ಟರಿನಲ್ಲಿಯೂ ಕೋತಿಗೆ ತಿಂಡಿ ಕೊಟ್ಟರೆ ದಂಡವಿದೆ.

ಕೇಪ್‌ಟೌನಿನ ವ್ಯವಸ್ಥೆ ಕಾವಲಿನದು. ಮನೆಗಳ ಹತ್ತಿರ ಸುಳಿಯುವ ಬಬೂನು ಗುಂಪುಗಳ ಬೆನ್ನಿಗೆ ಬೆಳಗಿನಿಂದ ಸಂಜೆಯವರೆಗೆ ಕಾವಲುಗಾರರು ನಡೆಯುತ್ತಿದ್ದರು. ಗುಂಪು ಮನೆಗಳತ್ತ ತಿರುಗಿದರೆ ಕೂಗಿ, ಸದ್ದು ಮಾಡಿ, ಬಣ್ಣದ ಗುಂಡು ಹಾರಿಸಿ ಬೆಟ್ಟಕ್ಕೆ ಹಿಂದಿರುಗಿಸುವುದು ಅವರ ಕೆಲಸ. ಝ್ವಾನ್ಸ್‌ವೈಕ್ ಬಡಾವಣೆ ವಿದ್ಯುತ್ ಬೇಲಿ ಹಾಕಿಸಿಕೊಂಡಿತು. ಬಣ್ಣದ ಗುಂಡು ಹಿಂಸೆ ಎನ್ನುವವರಿಗೂ ಅದಿಲ್ಲದೆ ಮನೆ ಉಳಿಯದು ಎನ್ನುವವರಿಗೂ ಅಲ್ಲಿ ಜಗಳ ಇಂದಿಗೂ ಬಿಸಿಯಾಗಿದೆ. ಜಪಾನಿನ ನಾಗಾನೊ ಪ್ರಾಂತ್ಯದ ಓಮಾಚಿಯಲ್ಲಿ 2005ರಿಂದ ಹಳ್ಳಿಯವರ ಸಾಕುನಾಯಿಗಳಿಗೇ ತರಬೇತಿ ಕೊಟ್ಟು ಕೋತಿ ಓಡಿಸಲು ಬಿಡುತ್ತಾರೆ. ಯುವಕರು ಬಿಟ್ಟುಹೋದ ಅಲ್ಲಿನ ಹಳ್ಳಿಗಳಲ್ಲಿ ಕೊಯ್ಯುವವರಿಲ್ಲದೆ ಮರದಲ್ಲೇ ಉಳಿಯುವ ಪರ್ಸಿಮನ್ ಹಣ್ಣುಗಳು ಕೋತಿಗಳನ್ನು ಕರೆಯುತ್ತವೆ. ಆ ಹಣ್ಣನ್ನು ಊರೆಲ್ಲ ಸೇರಿ ಕಿತ್ತು ಮುಗಿಸುವುದೂ ಅಲ್ಲಿ ಕೋತಿ ನಿವಾರಣೆಯ ಕೆಲಸವೇ.

ಥಾಯ್ಲೆಂಡಿನ ಲೋಪ್‌ಬುರಿ ಇದಕ್ಕೆ ತದ್ವಿರುದ್ಧ ದಾರಿ ಹಿಡಿದ ಊರು. 13ನೆಯ ಶತಮಾನದ ಫ್ರಾ ಪ್ರಾಂಗ್ ಸಾಮ್ ಯೋತ್ ಗುಡಿಯ ಸುತ್ತಲಿನ ಕೋತಿಗಳಿಗೆ 1989ರಿಂದ ಪ್ರತಿ ನವೆಂಬರಿನಲ್ಲಿ ಹಣ್ಣಿನ ರಾಶಿ ಹಾಕಿ ಔತಣ ನಡೆಸಿ, ಪ್ರವಾಸಿಗರನ್ನು ಕರೆದರು. 2020ರ ಮಾರ್ಚಿನಲ್ಲಿ ಕೊರೊನಾದಿಂದ ಪ್ರವಾಸಿಗರು ನಿಂತು ಹೋದಾಗ, ನಡುರಸ್ತೆಯಲ್ಲಿ ನೂರಾರು ಕೋತಿಗಳು ಒಂದು ತುತ್ತಿಗಾಗಿ ಹೊಡೆದಾಡಿಕೊಂಡವು. ಅಂಗಡಿಗಳು ಮುಚ್ಚಿದವು. 2024ರಲ್ಲಿ ಸರಕಾರ ಅವುಗಳನ್ನು ಹಿಡಿದು ಆವರಣಗಳಲ್ಲಿ ಕೂಡಿಹಾಕತೊಡಗಿತು. ಆ ನವೆಂಬರಿನಲ್ಲಿ ತಪ್ಪಿಸಿಕೊಂಡ ಸುಮಾರು 200 ಕೋತಿಗಳು ಪೊಲೀಸ್ ಠಾಣೆಗೆ ಮುತ್ತಿದವು, ಪೊಲೀಸರು ಕಿಟಕಿ ಬಾಗಿಲು ಹಾಕಿಕೊಂಡು ಒಳಗೆ ಕೂತರು.

ಕರ್ನಾಟಕದಲ್ಲಿ ತಿಂಡಿ ಹಾಕುವ ರೂಢಿಗೆ ಪ್ರವಾಸಕ್ಕಿಂತ ಭಕ್ತಿ ಹೆಚ್ಚು ಕಾರಣ. ಕಿಷ್ಕಿಂಧೆಯೆಂದು ನಂಬಿದ ಹಂಪಿ ಮತ್ತು ಅಂಜನಾದ್ರಿಯ ಸುತ್ತ, ಊರೂರಿನ ಆಂಜನೇಯ ಗುಡಿಗಳ ಎದುರು, ಶನಿವಾರ ಬಾಳೆಹಣ್ಣು ಕೊಡುವವರ ಮನಸ್ಸು ಒಳ್ಳೆಯದೇ. ಆ ಕೋತಿ ಮಾತ್ರ ಭಾನುವಾರವೂ ಹಸಿಯುತ್ತದೆ, ಪಕ್ಕದ ಮನೆಯ ಮಗುವಿನ ಕೈಯಲ್ಲಿನ ಬನ್ನನ್ನು ತನಗೆ ಕೊಟ್ಟದ್ದೆಂದೇ ತಿಳಿಯುತ್ತದೆ. ನಂದಿಬೆಟ್ಟದಲ್ಲಿ ಚೀಲದ ಜಿಪ್ಪು ಎಳೆಯುವುದನ್ನು ಕಲಿತ ಕೋತಿಗಳಿಗೆ ಆ ವಿದ್ಯೆ ಹೇಳಿಕೊಟ್ಟದ್ದು ಚೀಲದಿಂದ ತಿಂಡಿ ತೆಗೆದು ಕೊಟ್ಟ ಕೈಗಳೇ. ಕಿಟಕಿಗೆ ಜಾಲರಿ, ಮುಚ್ಚಳ ಬಿಗಿಯುವ ಕಸದ ಡಬ್ಬಿ, ಹೊತ್ತಿಗೆ ಸರಿಯಾಗಿ ಎತ್ತುವ ಕಸ, ಬೀದಿಯವರೆಲ್ಲ ಒಟ್ಟಾಗಿ ತಿಂಡಿ ನಿಲ್ಲಿಸುವ ಮಾತು, ಇಷ್ಟನ್ನು ಪಾಲಿಸಿದ ಕಡೆ ಗುಂಪು ಮೆಲ್ಲಗೆ ಬೇರೆ ದಾರಿ ಹುಡುಕುತ್ತದೆ. ಹತ್ತು ಮನೆಯವರು ಪಾಲಿಸಿ ಹನ್ನೊಂದನೆಯವರು ಅನ್ನ ಇಟ್ಟರೆ ಇಡೀ ಬೀದಿಯ ಶ್ರಮ ಹಾಳು.

ಹೊರಗಿನಿಂದ ನೋಡಿದವರಿಗೆ ಕೋತಿಗಳು ಲೆಕ್ಕವಿಲ್ಲದಷ್ಟು ಹೆಚ್ಚಿವೆ ಎನಿಸುತ್ತದೆ. ದಕ್ಷಿಣದ ಕೋತಿಯ ಮಟ್ಟಿಗೆ ಇದು ನಿಜವಲ್ಲ. ಮೈಸೂರು ವಿಶ್ವವಿದ್ಯಾಲಯದ ಮೇವಾ ಸಿಂಗ್ ಮತ್ತು ಸಂಗಡಿಗರು ಮೈಸೂರಿನ ಸುತ್ತಲಿನ ರಸ್ತೆಗಳಲ್ಲಿ ದಶಕಗಳ ಕಾಲ ಅವುಗಳನ್ನು ಎಣಿಸಿದ್ದಾರೆ. 25 ವರ್ಷಗಳಲ್ಲಿ ಸಂಖ್ಯೆ ಶೇ. 65ಕ್ಕಿಂತ ಹೆಚ್ಚು ಕುಸಿದಿದೆ ಎಂದು 2017ರ ಅವರ ಪ್ರಬಂಧ ಹೇಳುತ್ತದೆ. ಈಗ ಜಾಗತಿಕ ಕೆಂಪು ಪಟ್ಟಿಯಲ್ಲಿ ಈ ಕೋತಿ ಅಪಾಯಕ್ಕೊಳಗಾಗಬಲ್ಲ ಪ್ರಭೇದ. ಉತ್ತರದಿಂದ ರೀಸಸ್ ಕೋತಿಯೂ ದಕ್ಷಿಣಕ್ಕೆ ಹರಡುತ್ತ ಇದರ ನೆಲವನ್ನು ಆಕ್ರಮಿಸುತ್ತಿದೆ.

ಮೈಸೂರಿನ ಆ ರಸ್ತೆಗಳ ಎರಡೂ ಬದಿಯಲ್ಲಿ ಒಂದು ಕಾಲಕ್ಕೆ ಆಲ, ಅರಳಿ, ಅತ್ತಿ, ಬಸರಿ, ಗೋಣಿ ಮರಗಳು ಸಾಲಾಗಿ ಇದ್ದವು. ಒಂದರಲ್ಲಿ ಹಣ್ಣು ಮುಗಿದರೆ ಇನ್ನೊಂದು ಹಣ್ಣಾಗಿರುತ್ತಿತ್ತು, ಕೋತಿ ಗುಂಪುಗಳು ನೆರಳಿನಿಂದ ನೆರಳಿಗೆ ಸಾಗುತ್ತ ವರ್ಷ ಕಳೆಯುತ್ತಿದ್ದವು. ರಸ್ತೆ ಅಗಲವಾದಾಗ ಮರಗಳು ಉರುಳಿದವು. ಮರ ಹೋದ ಹಾದಿಯಲ್ಲಿ ಎಣಿಕೆಗೆ ಮತ್ತೆ ಹೋದವರಿಗೆ ಹಿಂದೆ ದಾಖಲಾಗಿದ್ದ ಎಷ್ಟೋ ಗುಂಪುಗಳು ಸಿಗಲಿಲ್ಲ.